ಬೀಟಾ ಓಎಸ್ ಎಲ್ಲಿ ಹಾಕಬೇಕು: ಪಾರ್ಟಿಷನ್ನೋ, ವರ್ಚುವಲ್ ಮಷೀನೋ, ಬೇರೆ ಡಿಸ್ಕೋ?

ಬಿಡುಗಡೆಗೆ ಮೊದಲೇ ಹೊಸ ಆಪರೇಟಿಂಗ್ ಸಿಸ್ಟಮ್‌ನ (ಓಎಸ್) ಪರೀಕ್ಷಾ ಆವೃತ್ತಿ, ಅಂದರೆ ಬೀಟಾ, ನೋಡಬೇಕು, ಆದರೆ ದಿನದ ಕೆಲಸ ನಡೆಯುವ ಹಳೆಯದಕ್ಕೆ ಏನೂ ಆಗಬಾರದು. ಈ ಆಸೆ ಇರುವವರು ಮೊದಲು ಕೇಳುವುದು ‘ಡ್ಯುಯಲ್ ಬೂಟ್ ಮಾಡೋದು ಹೇಗೆ?’ ಅಂತ, ಅಂದರೆ ಒಂದೇ ಯಂತ್ರದಲ್ಲಿ ಎರಡು ಓಎಸ್ ಇಟ್ಟು ಆನ್ ಮಾಡುವಾಗ ಒಂದನ್ನು ಆರಿಸುವುದು ಹೇಗೆ ಅಂತ. ನನ್ನ ಲೆಕ್ಕದಲ್ಲಿ ಅದು ಆಮೇಲಿನ ಪ್ರಶ್ನೆ. ಹಳೆಯದೂ ಹೊಸದೂ ಒಂದೇ ಯಂತ್ರದಲ್ಲಿ ಸೇರಿದಾಗ ಅವೆರಡರ ನಡುವೆ ಏನೇನು ಹಂಚಿಕೆಯಾಗುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಹಾನಿ ಆಗುವುದೇ ಅಲ್ಲಿ.

ಹಂಚಿಕೆಯಾಗುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಡಿಸ್ಕಿನ ಜಾಗ ಕಣ್ಣಿಗೆ ಕಾಣುತ್ತದೆ, ಅದನ್ನು ಪಾರ್ಟಿಷನ್ (ಡಿಸ್ಕನ್ನು ಒಡೆದು ಮಾಡಿದ ಹೋಳು) ಬೇರೆ ಮಾಡುತ್ತದೆ. ಆದರೆ ಓಎಸ್ ಅನ್ನು ಎಬ್ಬಿಸುವ ಬೂಟ್ ಲೋಡರ್ ಕೂರುವ ಪುಟ್ಟ ಇಎಫ್‌ಐ ಪಾರ್ಟಿಷನ್ ಒಂದೇ. ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಓಎಸ್‌ಗೂ ಮೊದಲು ಏಳುವ ಒಳ ಸಾಫ್ಟ್‌ವೇರ್, ಒಂದೇ. ಭದ್ರತಾ ಕೀಗಳನ್ನು ಕಾಯುವ ಟಿಪಿಎಂ ಚಿಪ್, ನೆಟ್‌ವರ್ಕ್ ಕಾರ್ಡ್ ಒಂದೇ. ಎರಡೂ ಕಡೆ ತೆರೆಯುವ ಫೋಟೋ, ಹಾಡು, ದಾಖಲೆಗಳು ಒಂದೇ. ಎರಡರಲ್ಲೂ ಲಾಗಿನ್ ಆಗುವ ಕ್ಲೌಡ್ ಖಾತೆಯೂ ಒಂದೇ.

ಇದು ಬರೀ ಹೆದರಿಕೆಯ ಮಾತಲ್ಲ. 2009ರ ಜನವರಿಯಲ್ಲಿ ವಿಂಡೋಸ್ 7ರ ಸಾರ್ವಜನಿಕ ಬೀಟಾ ಬಂತು. ಆ 7000ನೇ ಬಿಲ್ಡ್‌ನಲ್ಲಿ (ತಯಾರಾಗುತ್ತಿರುವ ಓಎಸ್‌ನ ಒಂದೊಂದು ಪ್ರತಿಯೂ ಒಂದು ಬಿಲ್ಡ್) ಒಂದು ದೋಷವಿತ್ತು: ಆಲ್ಬಮ್ ಚಿತ್ರ ಮುಂತಾದವು ಸೇರಿ ಹೆಡರ್ ದೊಡ್ಡದಾಗಿರುವ ಎಂಪಿ3 ಫೈಲುಗಳ ಮಾಹಿತಿಯನ್ನು ಸಿಸ್ಟಮ್ ತಿದ್ದಿದಾಗ ಹಾಡಿನ ಕೆಲವು ಸೆಕೆಂಡು ಶಾಶ್ವತವಾಗಿ ಹಾರಿಹೋಗುತ್ತಿತ್ತು. ಬೀಟಾವನ್ನು ಬೇರೆ ಪಾರ್ಟಿಷನ್‌ನಲ್ಲಿ ಹಾಕಿ, ಹಾಡಿನ ಫೋಲ್ಡರನ್ನು ಮಾತ್ರ ಹಳೆಯ ಡಿಸ್ಕಿನಿಂದಲೇ ತೋರಿಸಿದವರಿಗೂ ಆ ಪಾರ್ಟಿಷನ್ ಗೋಡೆಯಿಂದ ಏನೂ ಪ್ರಯೋಜನವಿರಲಿಲ್ಲ. ಮೈಕ್ರೋಸಾಫ್ಟ್ ತಿದ್ದುಪಡಿ ಬಿಟ್ಟಿತು. ಜೊತೆಗೆ ಎಂಪಿ3ಗಳ ಬ್ಯಾಕಪ್ ತೆಗೆದುಕೊಳ್ಳಿ, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡವನ್ನೂ ಬಿಡಬೇಡಿ ಎಂದು ಸೂಚಿಸಿತು.

ಅದಕ್ಕಿಂತ ಆಳಕ್ಕೆ ಇಳಿದದ್ದು 2008ರ ಘಟನೆ. ಲಿನಕ್ಸ್ ಓಎಸ್‌ನ ತಿರುಳಾದ ಕರ್ನಲ್‌ನ 2.6.27 ಆವೃತ್ತಿ ಇನ್ನೂ ಆರ್‌ಸಿ (ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆ) ಹಂತದಲ್ಲಿದ್ದಾಗ ಇಂಟೆಲ್‌ನ ಕೆಲವು ನೆಟ್‌ವರ್ಕ್ ಚಿಪ್‌ಗಳ ಒಳಗಿನ ಶಾಶ್ವತ ಮೆಮೊರಿಯೇ ಕೆಡುತ್ತಿತ್ತು. ಉಬುಂಟು ಎಂಬ ಲಿನಕ್ಸ್‌ನ 8.10ರ ಆಲ್ಫಾ (ಬೀಟಾಕ್ಕೂ ಮೊದಲಿನದು) ಹಾಕಿದವರೂ ಇದಕ್ಕೆ ಸಿಕ್ಕಿದರು. ಎಲ್ಲರೂ ಮೊದಲು ಬೈದದ್ದು ಆ ಚಿಪ್ ನಡೆಸುವ ಇ1000ಇ ಎಂಬ ಡ್ರೈವರನ್ನು. ಕೊನೆಗೆ ತಪ್ಪು ಸಿಕ್ಕಿದ್ದು ಕರ್ನಲ್‌ನ ಎಫ್‌ಟ್ರೇಸ್ ಎಂಬ ಬೇರೆಯೇ ಭಾಗದಲ್ಲಿ. ಕಾರ್ಡ್ ಕೆಟ್ಟ ಮೇಲೆ ಹಳೆಯ ಓಎಸ್‌ಗೆ ಮರಳಿದರೂ ನೆಟ್‌ವರ್ಕ್ ಇಲ್ಲ. ಡಿಸ್ಕನ್ನು ಹೇಗೆ ಹೋಳು ಮಾಡಿದ್ದರೂ ಅಲ್ಲಿ ಅಷ್ಟೇ.

ಇಂಥವು ಅಪರೂಪ, ನಿಜ. ಆದರೆ ಬೀಟಾ ಅಂದರೇನೇ ಅಪರೂಪದ್ದು ಯಾರಿಗೆ ಆಗುತ್ತದೆಂದು ಕಂಡುಹಿಡಿಯುವ ಹಂತ. ಆದ್ದರಿಂದ ಕೆಳಗಿನ ಪ್ರತಿಯೊಂದು ದಾರಿಯನ್ನೂ ನಾನು ಒಂದೇ ಅಳತೆಯಲ್ಲಿ ನೋಡುತ್ತೇನೆ: ಇದು ಏನನ್ನು ಬೇರೆ ಮಾಡುತ್ತದೆ, ಏನನ್ನು ಹಂಚಿಕೆಯಲ್ಲೇ ಬಿಡುತ್ತದೆ.

ವರ್ಚುವಲ್ ಮಷೀನ್

ಹೊಸದರಲ್ಲಿ ಮೆನು ಹೇಗಿದೆ, ಸೆಟ್ಟಿಂಗ್ಸ್ ಎಲ್ಲಿಗೆ ಹೋಗಿದೆ, ನಾನು ಬರೆದ ಅಥವಾ ಬಳಸುವ ಪ್ರೋಗ್ರಾಂ ಅದರಲ್ಲಿ ಓಡುತ್ತದೆಯೇ ಎಂದಷ್ಟೇ ನೋಡಬೇಕೆಂದರೆ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಂ ಆಗಿ ಓಡುವ ನಕಲಿ ಕಂಪ್ಯೂಟರ್, ಸಾಕು. ‘ನಿಜವಾದ’ ಇನ್‌ಸ್ಟಾಲೇಷನ್ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಗೊತ್ತಿರುವ ಮಟ್ಟಿಗೆ ಬೀಟಾ ನೋಡಬಯಸುವ ಹತ್ತು ಜನರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇಷ್ಟೇ. ಇಲ್ಲಿ ಡಿಸ್ಕ್, ಬೂಟ್ ಲೋಡರ್, ಫರ್ಮ್‌ವೇರ್ ಎಲ್ಲವೂ ನಕಲಿ. ಒಳಗೆ ಏನೇ ಕೆಟ್ಟರೂ ಒಂದು ದೊಡ್ಡ ಫೈಲ್ ಅಳಿಸಿದರೆ ಮುಗಿಯಿತು.

ಹೊಸ ಬಿಲ್ಡ್ ಬರುವ ಮೊದಲು ಆ ಕ್ಷಣದ ಸ್ಥಿತಿಯ ನಕಲಾದ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಅಪ್‌ಡೇಟ್ ಕೆಟ್ಟರೆ ಹಿಂದಕ್ಕೆ ಹೋಗುವ ಸುಖ ಬೇರೆ ಯಾವ ದಾರಿಯಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ವರ್ಚುವಲ್ ಮಷೀನ್ ಮಾಡುವ ವರ್ಚುವಲ್‌ಬಾಕ್ಸ್ ಪ್ರೋಗ್ರಾಂಗೆ ಆ ಸೌಲಭ್ಯ 2022ರ 7.0 ಆವೃತ್ತಿಯಲ್ಲಿ ಬಂತು. ವಿಂಡೋಸ್‌ನದೇ ಆದ ಹೈಪರ್-ವಿಯಲ್ಲಾದರೆ ಎರಡನೇ ಜನರೇಷನ್‌ನ ಮಷೀನ್ ಮಾಡಿ ಟಿಪಿಎಂ ಆನ್ ಮಾಡಬೇಕು, ಆದರೆ ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಹೈಪರ್-ವಿ ಇಲ್ಲ. ಆಪಲ್ ಸಿಲಿಕಾನ್ (ಆಪಲ್‌ನದೇ ಚಿಪ್ ಇರುವ) ಮ್ಯಾಕ್‌ಗಳಲ್ಲಿ ಮ್ಯಾಕ್‌ಓಎಸ್‌ನೊಳಗೆ ಮ್ಯಾಕ್‌ಓಎಸ್ ಓಡಿಸುವುದು ಮಾಂಟೆರೇ ಆವೃತ್ತಿಯಿಂದ ಸಾಧ್ಯವಾಗಿದೆ. ಒಂದೇ ಸಲ ಎರಡಕ್ಕಿಂತ ಹೆಚ್ಚು ಓಡುವುದಿಲ್ಲ.

ಇದರಲ್ಲಿ ತಿಳಿಯದ ಸಂಗತಿಗಳೂ ಇವೆ. ಲ್ಯಾಪ್‌ಟಾಪ್ ಮುಚ್ಚಿದರೆ ಸ್ಲೀಪ್‌ಗೆ ಹೋಗಿ ಸರಿಯಾಗಿ ಎದ್ದೇಳುತ್ತದೆಯೇ, ಬ್ಯಾಟರಿ ಎಷ್ಟು ತಿನ್ನುತ್ತದೆ, ವೈಫೈ ಡ್ರೈವರ್ ಹೇಗಿದೆ, ಬೆರಳಚ್ಚು ಓದುವ ಸೆನ್ಸರ್ ನಡೆಯುತ್ತದೆಯೇ, ಆಟ ಓಡುತ್ತದೆಯೇ? ವರ್ಚುವಲ್ ಮಷೀನ್ ಒಳಗಿರುವ ಓಎಸ್‌ಗೆ ನಿಮ್ಮ ನಿಜವಾದ ಹಾರ್ಡ್‌ವೇರ್ ಕಾಣುವುದೇ ಇಲ್ಲ. ಇಂಥದ್ದನ್ನೇ ಪರೀಕ್ಷಿಸಬೇಕಿದ್ದರೆ ಮುಂದಕ್ಕೆ ಓದಿ. ಇಲ್ಲವಾದರೆ ಇಲ್ಲಿಗೇ ನಿಲ್ಲಿಸಬಹುದು. ಒಂದೇ ಎಚ್ಚರಿಕೆ: ಶೇರ್ಡ್ ಫೋಲ್ಡರ್ ಎಂದು ನಿಮ್ಮ ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನು ಒಳಗೆ ತೆರೆದು ಕೊಡಬೇಡಿ. ಅಷ್ಟು ಕಟ್ಟಿದ ಗೋಡೆಯಲ್ಲಿ ನೀವೇ ಬಾಗಿಲು ಕೊರೆದಂತಾಗುತ್ತದೆ. ಕೊಡಲೇಬೇಕೆಂದರೆ ಓದಲು ಮಾತ್ರ ಅನುಮತಿ ಕೊಡಿ.

ಅದೇ ಡಿಸ್ಕಿನಲ್ಲಿ ಇನ್ನೊಂದು ಪಾರ್ಟಿಷನ್

ಎಲ್ಲರೂ ಮೊದಲು ಯೋಚಿಸುವ ದಾರಿ ಇದು. ಹೆಚ್ಚು ತೊಡಕಿರುವುದೂ ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ಕೂರೋಣ.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ಶ್ರಿಂಕ್ ಒತ್ತಿದರೆ ಮೊದಲ ಆಶ್ಚರ್ಯ ಕಾದಿರುತ್ತದೆ. ನೂರಾರು ಜಿಬಿ ಖಾಲಿ ಇದ್ದರೂ ಕುಗ್ಗಿಸಲು ಸಿಗುವ ಜಾಗ ಚಿಕ್ಕದು ಎಂದು ತೋರಿಸಬಹುದು. ಪೇಜ್ ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ನೆರಳು ಪ್ರತಿಗಳು ಡಿಸ್ಕಿನ ನಡುವೆ ಎಲ್ಲೋ ಕೂತಿರುತ್ತವೆ, ವಿಂಡೋಸ್ ತಾನು ಓಡುತ್ತಿರುವಾಗ ಅವನ್ನು ಕದಲಿಸುವುದಿಲ್ಲ. ಆ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರಿಸ್ಟಾರ್ಟ್ ಮಾಡಿ, ಶ್ರಿಂಕ್ ಮಾಡಿ, ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಜಾಗ ಬಿಡುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ, ಉಬುಂಟು ಡೆಸ್ಕ್‌ಟಾಪ್‌ಗೆ 25 ಜಿಬಿ. ಬೀಟಾ ಅಂದ ಮೇಲೆ ಪದೇ ಪದೇ ದೊಡ್ಡ ಅಪ್‌ಡೇಟ್ ಬರುತ್ತವೆ, ಆ ಕನಿಷ್ಠದ ಮೇಲೆ ಧಾರಾಳವಾಗಿ ಸೇರಿಸಿ ಕೊಡಿ.

ಪಕ್ಕದಲ್ಲಿ ಹಾಕುವುದು ವಿಂಡೋಸನ್ನೇ ಆದರೆ ಇನ್‌ಸ್ಟಾಲರನ್ನು ಯುಎಸ್‌ಬಿಯಿಂದ ಬೂಟ್ ಮಾಡಿ, ಕಸ್ಟಮ್ ಆರಿಸಿ, ಖಾಲಿ ಜಾಗ ತೋರಿಸಬೇಕು. ಅಪ್‌ಗ್ರೇಡ್ ಒತ್ತಿದರೆ ಪಕ್ಕದಲ್ಲಿ ಅಲ್ಲ, ಹಳೆಯದರ ಮೇಲೆಯೇ ಕೂರುತ್ತದೆ. ಹೀಗೆ ಹಾಕಿದ ಹೊಸ ವಿಂಡೋಸ್ ತನ್ನ ಪಾರ್ಟಿಷನ್ನನ್ನೇ ಸಿ ಎಂದು ಕರೆದುಕೊಳ್ಳುತ್ತದೆ. ನಿಮ್ಮ ಹಳೆಯ ಸಿ ಅದರ ಕಣ್ಣಿಗೆ ಡಿಯೋ ಇಯೋ ಆಗಿರುತ್ತದೆ. ಮುಂದೊಂದು ದಿನ ‘ಡಿ ತೆಗೆದುಬಿಡೋಣ’ ಎಂದು ಹೊಸದರೊಳಗಿನಿಂದ ಅಳಿಸಲು ಹೊರಟರೆ ಅಳಿಯುವುದು ನಿಮ್ಮ ನಿಜವಾದ ಮನೆ. ಈಗಲೇ ಎರಡು ಪಾರ್ಟಿಷನ್‌ಗಳಿಗೂ ‘ಕೆಲಸ’, ‘ಬೀಟಾ’ ಎಂದು ಹೆಸರಿಟ್ಟುಬಿಡಿ.

ಎರಡು ವಿಂಡೋಸ್‌ಗಳಿಗೂ ಬೂಟ್ ಮ್ಯಾನೇಜರ್ ಒಂದೇ, ಇಎಫ್‌ಐ ಪಾರ್ಟಿಷನ್‌ನ ಮೈಕ್ರೋಸಾಫ್ಟ್ ಫೋಲ್ಡರಿನಲ್ಲಿ. ಹೊಸದು ಬಂದು ಅದನ್ನು ತನ್ನದರಿಂದ ಬದಲಿಸುತ್ತದೆ, ಹಳೆಯದು ಅಂದಿನಿಂದ ಬೀಟಾದ ಬೂಟ್ ಮ್ಯಾನೇಜರ್‌ನಿಂದಲೇ ಏಳುತ್ತದೆ. ಬಹುತೇಕ ಸಲ ತೊಂದರೆ ಇಲ್ಲ, ಆದರೆ ‘ಹಳೆಯದನ್ನು ಮುಟ್ಟಿಲ್ಲ’ ಎಂದು ಹೇಳುವಂತೆಯೂ ಇಲ್ಲ. ಇನ್ನೊಂದು ಕಿರಿಕಿರಿ: ನೀಲಿ ಬಣ್ಣದ ಆಯ್ಕೆ ಪರದೆ ಬರುವುದೇ ಡೀಫಾಲ್ಟ್ ಓಎಸ್ ಅರ್ಧ ಲೋಡ್ ಆದ ಮೇಲೆ. ಇನ್ನೊಂದನ್ನು ಆರಿಸಿದರೆ ಯಂತ್ರ ಮತ್ತೆ ರಿಸ್ಟಾರ್ಟ್ ಆಗಿ ಹೋಗುತ್ತದೆ. ದಿನವೂ ಬಳಸುವುದನ್ನೇ ಡೀಫಾಲ್ಟ್ ಇಡಿ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದನ್ನು ಇನ್‌ಸ್ಟಾಲ್‌ಗೆ ಮೊದಲೇ ಮುಗಿಸಬೇಕು. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೂ ಸಿಸ್ಟಮ್ ಪೂರ್ತಿ ಆರುವುದಿಲ್ಲ. ಕರ್ನಲ್ ಹೈಬರ್ನೇಟ್ ಆಗಿ ಮಲಗಿರುತ್ತದೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ ಅರ್ಧ ತೆರೆದ ಸ್ಥಿತಿಯಲ್ಲಿ ಉಳಿದಿರುತ್ತದೆ. ಲಿನಕ್ಸ್ ಆಗಿದ್ದರೆ ಸಾಮಾನ್ಯವಾಗಿ ಅದನ್ನು ಗಮನಿಸಿ ಓದಲು ಮಾತ್ರ ಬಿಡುತ್ತದೆ. ಇನ್ನೊಂದು ಓಎಸ್ ಅದನ್ನು ಲೆಕ್ಕಿಸದೆ ಅಲ್ಲಿ ಬರೆದರೆ, ಹಳೆಯ ವಿಂಡೋಸ್ ಎದ್ದಾಗ ತನ್ನ ನೆನಪಿನಲ್ಲಿರುವುದಕ್ಕೂ ಡಿಸ್ಕಿನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ.

ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ಎಂದೂ ನೋಡಿ. ನೀವು ಆನ್ ಮಾಡದಿದ್ದರೂ ಇರಬಹುದು: ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. ಬೂಟ್ ಕ್ರಮದಲ್ಲಿ ಬದಲಾವಣೆ ಕಂಡರೆ ಟಿಪಿಎಂ ಕೀ ಕೊಡಲು ಒಪ್ಪುವುದಿಲ್ಲ, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಅದೇ ಲ್ಯಾಪ್‌ಟಾಪ್‌ನಲ್ಲಿ ಒಂದು ಫೈಲ್‌ನಲ್ಲಿ ಮಾತ್ರ ಇದ್ದರೆ ಮುಗಿಯಿತು ಕಥೆ. ಕಾಗದದ ಮೇಲೆ ಬರೆದಿಟ್ಟು, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ಮುಂದುವರಿಯಿರಿ.

ಒಂದು ಉಬುಂಟು ಪಕ್ಕದಲ್ಲಿ ಮುಂದಿನ ಉಬುಂಟುವಿನ ಬೀಟಾ ಹಾಕುವವರಿಗೆ ಬೇರೆ ಥರದ ಗೊಂದಲ. ಎಲ್ಲ ಉಬುಂಟುಗಳೂ ಇಎಫ್‌ಐ ಪಾರ್ಟಿಷನ್‌ನಲ್ಲಿ ಉಬುಂಟು ಎಂಬ ಒಂದೇ ಹೆಸರಿನ ಫೋಲ್ಡರ್ ಬಳಸುತ್ತವೆ. ಎರಡನೆಯದು ಬಂದಾಗ ಮೊದಲನೆಯದರ ಗ್ರಬ್ (ಲಿನಕ್ಸ್‌ನ ಬೂಟ್ ಲೋಡರ್) ಫೈಲುಗಳ ಮೇಲೆ ತನ್ನದನ್ನು ಬರೆಯುತ್ತದೆ. ಇನ್ನು ಬೂಟ್ ಮೆನುವಿನ ಯಜಮಾನಿಕೆ ಬೀಟಾದ್ದು. ಆಮೇಲೆ ಹಳೆಯದರಲ್ಲಿ ಗ್ರಬ್ ಅಪ್‌ಡೇಟ್ ಬಂದು ಮತ್ತೆ ಇನ್‌ಸ್ಟಾಲ್ ಆದರೆ ಯಜಮಾನಿಕೆ ತಿರುಗಿ ಬರುತ್ತದೆ. ಯಾರ ಮೆನು ನೋಡುತ್ತಿದ್ದೇವೆಂದೇ ಗೊತ್ತಾಗದ ಸ್ಥಿತಿ. 2021ರ ಗ್ರಬ್ 2.06ರಿಂದ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಡೀಫಾಲ್ಟ್ ಆಗಿ ಆಫ್ ಇರುವುದರಿಂದ ಹಳೆಯದು ಮೆನುವಿನಲ್ಲಿ ಕಾಣದೆಯೂ ಹೋಗಬಹುದು. ಅಳಿದಿಲ್ಲ, ಮೆನುವಿನಲ್ಲಿ ಇಲ್ಲ ಅಷ್ಟೇ. ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿ ಮೆನುವನ್ನು ಹೊಸದಾಗಿ ಬರೆಸಬೇಕು.

ಮೆಮೊರಿ ಸಾಲದಾದಾಗ ಲಿನಕ್ಸ್ ಬಳಸುವ ಸ್ವಾಪ್ ಪಾರ್ಟಿಷನ್ ಎರಡಕ್ಕೂ ಒಂದೇ ಇರಲಿ ಎಂಬ ಉಳಿತಾಯ ಬುದ್ಧಿ ಬೇಡ. ಇನ್‌ಸ್ಟಾಲರ್ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಅದರ ಯುಯುಐಡಿ (ಗುರುತಿನ ಸಂಖ್ಯೆ) ಬದಲಾಗುತ್ತದೆ. ಹಳೆಯ ಲಿನಕ್ಸ್ ಬೂಟ್ ಆಗುವಾಗ ಇಲ್ಲದ ಸ್ವಾಪ್‌ಗಾಗಿ ಒಂದೂವರೆ ನಿಮಿಷ ಕಾಯುತ್ತಾ ನಿಲ್ಲುತ್ತದೆ, ನೋಡುವವರಿಗೆ ಬೀಟಾ ಏನೋ ಕೆಡಿಸಿತು ಅನಿಸುತ್ತದೆ. ಗಡಿಯಾರದ ಗೊಂದಲವೂ ಇದೆ: ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ. ಒಂದನ್ನು ಇನ್ನೊಂದರ ಪದ್ಧತಿಗೆ ಒಗ್ಗಿಸಿದರೆ ಸಾಕು.

ವಿಎಚ್‌ಡಿಯಿಂದ ಬೂಟ್

ವಿಂಡೋಸ್‌ನವರಿಗೆ ಮಾತ್ರ ಇರುವ ನಡುವಿನ ದಾರಿ ಇದು, ವಿಂಡೋಸ್ 7ರಲ್ಲಿ ಬಂತು. ಪಾರ್ಟಿಷನ್ ಒಡೆಯದೆ, ಒಂದು ವಿಎಚ್‌ಡಿ ಅಥವಾ ವಿಎಚ್‌ಡಿಎಕ್ಸ್ (ಡಿಸ್ಕಿನಂತೆ ವರ್ತಿಸುವ) ಫೈಲ್ ಒಳಗೆ ಇಡೀ ಓಎಸ್ ಇಟ್ಟು ನಿಜವಾದ ಹಾರ್ಡ್‌ವೇರ್ ಮೇಲೆಯೇ ಬೂಟ್ ಮಾಡಬಹುದು. ಕೇಳಲು ಎಷ್ಟು ಚೆನ್ನ! ಬೇಡವಾದರೆ ಫೈಲ್ ಅಳಿಸಿದರಾಯಿತು.

ಆದರೆ ಬೀಟಾಕ್ಕೆ ಇದು ಹೇಳಿ ಮಾಡಿಸಿದ್ದು ಎಂದು ಬರೆಯುವವರು ಮುಖ್ಯವಾದ ಒಂದು ಮಾತು ಬಿಡುತ್ತಾರೆ. ವಿಎಚ್‌ಡಿಯಿಂದ ಬೂಟ್ ಆದ ವಿಂಡೋಸ್ ತನ್ನನ್ನು ತಾನು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿಕೊಳ್ಳಲು ಒಪ್ಪುವುದಿಲ್ಲ. ಇನ್‌ಸೈಡರ್ ಎಂಬ, ಬಿಡುಗಡೆಗೆ ಮುಂಚಿನ ವಿಂಡೋಸ್ ಬಿಲ್ಡ್‌ಗಳು ಅನೇಕ ಸಲ ಬರುವುದೇ ಪೂರ್ಣ ಅಪ್‌ಗ್ರೇಡ್ ರೂಪದಲ್ಲಿ. ಹಾಗಾಗಿ ಮೊದಲ ಬಿಲ್ಡ್ ಸುಸೂತ್ರ, ಮುಂದಿನದಕ್ಕೆ ತಡೆ. ಅದೇ ಫೈಲನ್ನು ಹೈಪರ್-ವಿ ಮಷೀನ್‌ಗೆ ಜೋಡಿಸಿ ಅಲ್ಲಿ ಅಪ್‌ಗ್ರೇಡ್ ಮಾಡಿ ಮತ್ತೆ ಹೊರತರುವ ಸುತ್ತುದಾರಿ ಇದೆ. ಹೈಬರ್ನೇಷನ್ ಇಲ್ಲ, ಫೈಲ್ ಇರುವ ಡ್ರೈವ್‌ಗೆ ಬಿಟ್‌ಲಾಕರ್ ಇರುವಂತಿಲ್ಲ, ಫೈಲ್ ಪೂರ್ತಿ ಹಿಗ್ಗಿದಾಗ ಬೇಕಾಗುವ ಜಾಗ ಡಿಸ್ಕಿನಲ್ಲಿ ಇರಲೇಬೇಕು. ಒಂದೇ ಒಂದು ಬಿಲ್ಡನ್ನು ನಿಜವಾದ ಹಾರ್ಡ್‌ವೇರ್ ಮೇಲೆ ಕೆಲ ದಿನ ನೋಡಿ ಬಿಡುವವರಿಗೆ ಇದು ಒಳ್ಳೆಯದು. ಬಿಲ್ಡ್ ಬಿಲ್ಡಿಗೂ ಹಿಂಬಾಲಿಸುವವರಿಗಲ್ಲ.

ಮ್ಯಾಕ್‌ನಲ್ಲಿ ಇನ್ನೊಂದು ವಾಲ್ಯೂಮ್

2017ರ ಹೈ ಸಿಯೆರಾ ಆವೃತ್ತಿಯೊಂದಿಗೆ ಎಪಿಎಫ್‌ಎಸ್ ಎಂಬ ಹೊಸ ಫೈಲ್ ವ್ಯವಸ್ಥೆ ಬಂದ ಮೇಲೆ ಮ್ಯಾಕ್‌ನಲ್ಲಿ ಪಾರ್ಟಿಷನ್ ಒಡೆಯುವ ಕೆಲಸವೇ ಇಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ ಅದೇ ಕಂಟೈನರ್‌ಗೆ ಇನ್ನೊಂದು ವಾಲ್ಯೂಮ್ ಸೇರಿಸಿ ಬೀಟಾ ಹಾಕಬಹುದು. ಖಾಲಿ ಜಾಗವನ್ನು ಎರಡೂ ಬೇಕಾದಷ್ಟು ಬಳಸಿಕೊಳ್ಳುತ್ತವೆ. ಪಕ್ಕಪಕ್ಕದಲ್ಲಿ ಎರಡು ಓಎಸ್ ಇಡುವುದು ಇಷ್ಟು ಹಗುರವಾಗಿರುವುದು ಇಲ್ಲಿ ಮಾತ್ರ ಎಂದರೂ ತಪ್ಪಲ್ಲ.

ಹಗುರವಾಗಿರುವುದರಿಂದಲೇ ಜನ ಮರೆಯುವ ವಿಷಯ ಫರ್ಮ್‌ವೇರ್. ಆಪಲ್ ಸಿಲಿಕಾನ್ ಯಂತ್ರಕ್ಕೆ ಹೊಸ ಮ್ಯಾಕ್‌ಓಎಸ್ ಹಾಕಿದಾಗ ಇಡೀ ಯಂತ್ರದ ಫರ್ಮ್‌ವೇರ್ ಕೂಡ ಮೇಲೇರುತ್ತದೆ. ಬೀಟಾ ವಾಲ್ಯೂಮ್ ಅಳಿಸಿದರೆ ಅದು ಕೆಳಗಿಳಿಯುವುದಿಲ್ಲ. ಹಳೆಯ ಓಎಸ್ ಅದರ ಮೇಲೆ ಸಾಮಾನ್ಯವಾಗಿ ನಡೆಯುತ್ತದೆ. ಕೆಳಗಿಳಿಸಲೇಬೇಕಾದರೆ ಇನ್ನೊಂದು ಮ್ಯಾಕ್ ಜೋಡಿಸಿ ಡಿಎಫ್‌ಯು ವಿಧಾನದಲ್ಲಿ ಪೂರ್ತಿ ರಿಸ್ಟೋರ್ ಮಾಡಬೇಕು, ಅಂದರೆ ಎಲ್ಲವೂ ಅಳಿಯುತ್ತದೆ. ಹೈ ಸಿಯೆರಾ ಬೀಟಾದ ಕಾಲದಲ್ಲಿ ಇನ್ನೊಂದು ಪಾಠವೂ ಸಿಕ್ಕಿತ್ತು: ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಒಂದಾಗಿಸಿದ ಫ್ಯೂಷನ್ ಡ್ರೈವ್‌ಗಳನ್ನು ಬೀಟಾ ಎಪಿಎಫ್‌ಎಸ್‌ಗೆ ಬದಲಿಸಿತು, ಅಂತಿಮ ಬಿಡುಗಡೆಯಲ್ಲಿ ಆಪಲ್ ಆ ಬೆಂಬಲವನ್ನೇ ಕೈಬಿಟ್ಟಿತು, ಬದಲಿಸಿಕೊಂಡವರು ಬ್ಯಾಕಪ್ ತೆಗೆದು ಡಿಸ್ಕ್ ಅಳಿಸಿ ಹಳೆಯ ಫಾರ್ಮ್ಯಾಟ್‌ಗೆ ಮರಳಬೇಕಾಯಿತು. ಬೀಟಾದಲ್ಲಿ ಇರುವುದೆಲ್ಲ ಬಿಡುಗಡೆಯಲ್ಲಿ ಇರುತ್ತದೆಂಬ ಖಾತರಿ ಯಾರೂ ಕೊಟ್ಟಿರುವುದಿಲ್ಲ.

ಬೇರೆಯೇ ಡಿಸ್ಕ್

ನಿಜವಾದ ಹಾರ್ಡ್‌ವೇರ್ ಮೇಲೆ ಪರೀಕ್ಷೆ ಬೇಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಡೆಸ್ಕ್‌ಟಾಪ್‌ನಲ್ಲಿ ಎರಡನೇ ಎಸ್‌ಎಸ್‌ಡಿ, ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಎಂ.2 ಸ್ಲಾಟ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಯುಎಸ್‌ಬಿ ಎಸ್‌ಎಸ್‌ಡಿ. ಗುಟ್ಟು ಇರುವುದು ಇನ್‌ಸ್ಟಾಲ್ ಮಾಡುವ ಹೊತ್ತಿನಲ್ಲಿ: ಹಳೆಯ ಡಿಸ್ಕಿನ ಕೇಬಲ್ ಕಿತ್ತಿಡಿ, ಅಥವಾ ಫರ್ಮ್‌ವೇರ್ ಸೆಟ್ಟಿಂಗ್ಸ್‌ನಲ್ಲಿ ಆ ಡಿಸ್ಕನ್ನು ನಿಷ್ಕ್ರಿಯಗೊಳಿಸಿ. ಆಗ ಇನ್‌ಸ್ಟಾಲರ್‌ಗೆ ಹೊಸ ಡಿಸ್ಕಿನ ಮೇಲೆಯೇ ತನ್ನ ಇಎಫ್‌ಐ ಪಾರ್ಟಿಷನ್ ಮಾಡಿಕೊಳ್ಳದೆ ಬೇರೆ ದಾರಿಯಿರುವುದಿಲ್ಲ. ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉಬುಂಟುವಿನ ಹಳೆಯ ಇನ್‌ಸ್ಟಾಲರ್ ಸಾಕ್ಷಿ. ಬೂಟ್ ಲೋಡರ್ ಹೊರಗಿನ ಡಿಸ್ಕಿಗೆ ಹೋಗಲಿ ಎಂದು ಆರಿಸಿದರೂ ಅದು ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೇ ಬರೆದುಬಿಡುತ್ತಿತ್ತು. ಆ ಯುಎಸ್‌ಬಿ ಡಿಸ್ಕ್ ಬಿಚ್ಚಿಟ್ಟು ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಗ್ರಬ್ ಪ್ರಾಂಪ್ಟ್ ಒಂದೇ ಮಿನುಗುತ್ತಿರುತ್ತದೆ.

ಹಳೆಯ ಡಿಸ್ಕ್ ಮತ್ತೆ ಜೋಡಿಸಿದ ಮೇಲೆ ಯಾವುದು ಬೇಕೆಂದು ಆರಿಸಲು ಫರ್ಮ್‌ವೇರ್‌ನ ಬೂಟ್ ಮೆನು ಸಾಕು. ಎಫ್12, ಎಫ್11, ಎಫ್8, ಎಸ್ಕೇಪ್ ಹೀಗೆ ತಯಾರಕರಿಗೊಂದು ಕೀ. ಎರಡನ್ನೂ ಒಂದೇ ಚಂದದ ಮೆನುವಿನಲ್ಲಿ ತರಬೇಕೆಂಬ ಆಸೆಗೆ ಬೀಳಬೇಡಿ. ಅವು ಒಂದಕ್ಕೊಂದು ಗೊತ್ತಿಲ್ಲದೆ ಇರುವುದೇ ಇಲ್ಲಿನ ಲಾಭ.

ಪೆನ್‌ಡ್ರೈವ್ ಮಾತ್ರ ಬೇಡ. ಲೈವ್ ಯುಎಸ್‌ಬಿಯಾಗಿ ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ ಎಂದು ಹತ್ತು ನಿಮಿಷ ನೋಡಲು ಸರಿ. ಅದರ ಮೇಲೆ ಪೂರ್ತಿ ಓಎಸ್ ಓಡಿಸಿದರೆ ಸಣ್ಣ ಸಣ್ಣ ಬರಹಗಳ ಭಾರಕ್ಕೆ ಏದುಸಿರು ಬಿಡುತ್ತದೆ, ನೀವು ಬೀಟಾ ನಿಧಾನ ಎಂದು ತೀರ್ಪು ಕೊಡುತ್ತೀರಿ. ವಿಂಡೋಸ್ ಅಂತೂ ಯುಎಸ್‌ಬಿ ಡಿಸ್ಕಿಗೆ ಇನ್‌ಸ್ಟಾಲ್ ಆಗಲು ನೇರವಾಗಿ ಒಪ್ಪುವುದೇ ಇಲ್ಲ. ಅದಕ್ಕೆಂದೇ ಇದ್ದ ವಿಂಡೋಸ್ ಟು ಗೋ ಸೌಲಭ್ಯವನ್ನು ಮೈಕ್ರೋಸಾಫ್ಟ್ 2020ರಲ್ಲಿ 2004 ಆವೃತ್ತಿಯೊಂದಿಗೆ ತೆಗೆದುಹಾಕಿತು. ರೂಫಸ್‌ನಂಥ ಸಾಧನ ಬಳಸಿ ಈಗಲೂ ಮಾಡಬಹುದು.

ಡಿಸ್ಕ್ ಬೇರೆ ಮಾಡಿದರೂ ಫರ್ಮ್‌ವೇರ್ ಒಂದೇ ಉಳಿಯಿತಲ್ಲ? ಉಳಿಯಿತು. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಭದ್ರತಾ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್ ಲೋಡರ್‌ಗಳನ್ನು ತಡೆಯುವ ಎಸ್‌ಬ್ಯಾಟ್ ಪಟ್ಟಿಯನ್ನು ಫರ್ಮ್‌ವೇರ್‌ಗೆ ಬರೆಯಿತು. ಡ್ಯುಯಲ್ ಬೂಟ್ ಇರುವ ಕಡೆ ಅನ್ವಯಿಸುವುದಿಲ್ಲ ಎಂದಿದ್ದರೂ, ಕೆಲವು ಡ್ಯುಯಲ್ ಬೂಟ್ ಯಂತ್ರಗಳನ್ನು ಅದು ಗುರುತಿಸಲಿಲ್ಲ. ಅವುಗಳಲ್ಲಿ ಲಿನಕ್ಸ್ ಬೂಟ್ ಆಗುವುದು ನಿಂತಿತು. ಇಂಥ ಪಟ್ಟಿ ಇರುವುದು ಮದರ್‌ಬೋರ್ಡಿನಲ್ಲಿ, ಯಾವ ಡಿಸ್ಕಿನಿಂದ ಬೂಟ್ ಮಾಡಿದರೂ ಅದೇ ನಿಯಮ. ಗಮನಿಸಿ, ಅದು ಬೀಟಾ ಕೂಡ ಅಲ್ಲ. ಹಾಗೆಯೇ 2017ರ ಡಿಸೆಂಬರ್‌ನಲ್ಲಿ ಉಬುಂಟು 17.10ರ ಡೌನ್‌ಲೋಡನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು, ಇಂಟೆಲ್‌ನ ಎಸ್‌ಪಿಐ ಡ್ರೈವರ್ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ಎಂಬ ಫರ್ಮ್‌ವೇರನ್ನು ಕೆಡಿಸುತ್ತಿತ್ತು.

ಈ ಕೊನೆಯ ಅಪಾಯವನ್ನೂ ದಾಟಬೇಕೆಂದರೆ ಬೇರೆ ಯಂತ್ರವೇ ಬೇಕು. ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಹೊಸ ಓಎಸ್‌ನ ಕನಿಷ್ಠ ಅಗತ್ಯಕ್ಕೆ ಸಾಲುತ್ತದೆಂದಾದರೆ ಮೇಲಿನ ಎಲ್ಲವನ್ನೂ ಬಿಟ್ಟು ಅದಕ್ಕೇ ಹಾಕಿ.

ಫೋನ್ ಕಥೆ ಬೇರೆ. ಆಂಡ್ರಾಯ್ಡ್ 10ರಿಂದ ಡೈನಮಿಕ್ ಸಿಸ್ಟಮ್ ಅಪ್‌ಡೇಟ್ಸ್ ಎಂಬ ಸೌಲಭ್ಯವಿದೆ. ಬೆಂಬಲ ಇರುವ ಫೋನ್‌ಗಳಲ್ಲಿ ಡೆವಲಪರ್ ಆಯ್ಕೆಗಳಿಂದ ಇನ್ನೊಂದು ಆಂಡ್ರಾಯ್ಡನ್ನು ತಾತ್ಕಾಲಿಕವಾಗಿ ಇಳಿಸಿ ನೋಡಿ, ರಿಸ್ಟಾರ್ಟ್ ಮಾಡಿದರೆ ಮೂಲಕ್ಕೆ ಮರಳಬಹುದು. ಬೀಟಾ ಕಾರ್ಯಕ್ರಮಕ್ಕೆ ಸೇರಿ ಹಾಕಿಕೊಂಡರೆ ಅದು ಹಳೆಯದರ ಜಾಗದಲ್ಲೇ ಕೂರುತ್ತದೆ, ನಡುವೆ ಹೊರಬಂದು ಹಳೆಯ ಆವೃತ್ತಿಗೆ ಇಳಿದರೆ ಫೋನ್ ಖಾಲಿಯಾಗುತ್ತದೆ. ಐಫೋನ್‌ನಲ್ಲಿ ಪಕ್ಕದಲ್ಲಿ ಇಡುವ ದಾರಿಯೇ ಇಲ್ಲ. ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ಐಓಎಸ್‌ಗೆ ಹೊಂದುವುದೂ ಇಲ್ಲ.

ಎರಡೂ ಕಡೆ ತೆರೆಯುವ ಫೈಲುಗಳು

ಓಎಸ್ ಎಲ್ಲಿ ಹಾಕಿದರೂ ಬೆನ್ನು ಹತ್ತುವ ಸಮಸ್ಯೆ ಇದು. ಹೊಸದು ಹಳೆಯ ದತ್ತಾಂಶವನ್ನು ತೆರೆದಾಗ ಅನೇಕ ಸಲ ಅದನ್ನು ಹೊಸ ರೂಪಕ್ಕೆ ಬದಲಿಸುತ್ತದೆ. ಹೊಸ ಮ್ಯಾಕ್‌ಓಎಸ್ ಮೇಲ್ದರ್ಜೆಗೇರಿಸಿದ ಫೋಟೋಸ್ ಲೈಬ್ರರಿ ಹಳೆಯದರಲ್ಲಿ ತೆರೆಯುವುದಿಲ್ಲ. ಹೊಸ ವಿಂಡೋಸ್ ಒಂದು ರೆಫ್ಸ್ (ಮೈಕ್ರೋಸಾಫ್ಟ್‌ನ ಇನ್ನೊಂದು ಫೈಲ್ ವ್ಯವಸ್ಥೆ) ಡ್ರೈವನ್ನು ಜೋಡಿಸಿಕೊಂಡರೆ ಅದರ ಆವೃತ್ತಿಯೇ ಮೇಲೇರಿ ಹಳೆಯ ವಿಂಡೋಸ್‌ಗೆ ಓದಲು ಬಾರದಂತಾಗಬಹುದು. ಲಿನಕ್ಸ್‌ನಲ್ಲಿ ಎರಡಕ್ಕೂ ಒಂದೇ ಹೋಮ್ ಪಾರ್ಟಿಷನ್ ಕೊಟ್ಟರೆ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ಫೈಲುಗಳನ್ನು ಹೊಸದು ತನಗೆ ಬೇಕಾದಂತೆ ತಿದ್ದುತ್ತದೆ, ಹಳೆಯದು ತಬ್ಬಿಬ್ಬಾಗುತ್ತದೆ. ಫೈರ್‌ಫಾಕ್ಸ್ 2019ರ 67ನೇ ಆವೃತ್ತಿಯಿಂದ ಇಂಥದ್ದಕ್ಕೆ ತಡೆ ಹಾಕಿದೆ: ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಎಲ್ಲ ಪ್ರೋಗ್ರಾಂಗಳೂ ಇಷ್ಟು ಸಭ್ಯವಾಗಿರುವುದಿಲ್ಲ.

ಕ್ಲೌಡ್ ಇನ್ನೂ ಮೋಸ. ಬೀಟಾದಲ್ಲಿ ಅದೇ ಖಾತೆಯಿಂದ ಒಳಹೋದರೆ ಬೀಟಾದ ತಪ್ಪು ಸಿಂಕ್ ಆಗಿ ಎಲ್ಲ ಸಾಧನಗಳಿಗೂ ತಲುಪುತ್ತದೆ. 2019ರ ಐಓಎಸ್ 13ರಲ್ಲಿ ರಿಮೈಂಡರ್ಸ್ ಹೊಸ ರೂಪಕ್ಕೆ ಬದಲಾದಾಗ ಹಳೆಯ ಸಾಫ್ಟ್‌ವೇರ್ ಇರುವ ಸಾಧನಗಳಿಗೆ ಆ ಪಟ್ಟಿಗಳು ಕಾಣದಾದವು. ಬೀಟಾಕ್ಕೆಂದೇ ಒಂದು ಬೇರೆ ಖಾತೆ ಇಡಿ. ಅದು ಆಗುವುದಿಲ್ಲವೆಂದರೆ ಕನಿಷ್ಠ ಫೈಲ್ ಸಿಂಕ್ ಆದರೂ ಆಫ್ ಇರಲಿ.

ಮುಗಿಯುವ ದಿನ

ಬೀಟಾ ಅಂತಿಮ ಆವೃತ್ತಿಯಾಗಿ ಬೆಳೆಯುತ್ತದೋ, ಒಂದು ದಿನ ಸತ್ತುಹೋಗುತ್ತದೋ ಎಂಬುದನ್ನು ಮೊದಲೇ ತಿಳಿದಿರಬೇಕು. ಎಷ್ಟು ಶ್ರಮ ಹಾಕಬೇಕೆಂದು ಅದರಿಂದಲೇ ನಿರ್ಧಾರವಾಗುತ್ತದೆ. ಉಬುಂಟು, ಫೆಡೋರಾ ಬೀಟಾಗಳು ಸಾಮಾನ್ಯ ಅಪ್‌ಡೇಟ್ ಪಡೆಯುತ್ತಲೇ ಬಿಡುಗಡೆ ಆವೃತ್ತಿಯಾಗುತ್ತವೆ, ಮತ್ತೆ ಹಾಕಬೇಕಿಲ್ಲ. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನಲ್ಲಿ ಒಂದು ಸೂಕ್ಷ್ಮವಿದೆ: ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ ಟೆಸ್ಟಿಂಗ್ ಎಂದು ಬರೆದಿದ್ದರೆ ಬಿಡುಗಡೆಯಾದ ಮರುದಿನದಿಂದ ನೀವು ಮುಂದಿನ ಟೆಸ್ಟಿಂಗ್‌ಗೆ ಹರಿದುಹೋಗುತ್ತೀರಿ. 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದಾಗ ಅಲ್ಲೇ ನಿಲ್ಲಲು ಬಯಸಿದವರ ಪಟ್ಟಿಯಲ್ಲಿ ಟೆಸ್ಟಿಂಗ್ ಬದಲು ಟ್ರಿಕ್ಸಿ ಎಂಬ ಆ ಆವೃತ್ತಿಯ ಹೆಸರು ಇರಬೇಕಿತ್ತು.

ವಿಂಡೋಸ್ ಪ್ರಿವ್ಯೂ ಬಿಲ್ಡ್‌ಗಳಿಗೆ ಅವಧಿ ಇರುತ್ತದೆ. ವಿಂಡೋಸ್ 7ರ ಆರ್‌ಸಿ 2010ರ ಜೂನ್ 1ಕ್ಕೆ ಮುಗಿಯಿತು. ಅದಕ್ಕೂ ಮೂರು ತಿಂಗಳ ಮೊದಲು, ಮಾರ್ಚ್ 1ರಿಂದಲೇ, ಎರಡೆರಡು ಗಂಟೆಗೊಮ್ಮೆ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿತ್ತು. ಇನ್‌ಸೈಡರ್‌ನ ಕ್ಯಾನರಿ, ಡೆವ್ ಎಂಬ ಆರಂಭದ ಚಾನೆಲ್‌ಗಳಿಂದ ಸ್ಥಿರ ಆವೃತ್ತಿಗೆ ಇಳಿಯಲು ಸಾಮಾನ್ಯವಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದೊಂದೇ ದಾರಿ. ರಿಲೀಸ್ ಪ್ರಿವ್ಯೂ ಚಾನೆಲ್ ಹಾಗಲ್ಲ, ಬಿಡುಗಡೆಗೆ ಹತ್ತಿರದ್ದು, ಹೊರಬರುವುದು ಸುಲಭ.

ತೆಗೆಯುವಾಗ ಅನುಸರಿಸಬೇಕಾದ ಕ್ರಮ ತಿರುಗುಮುರುಗಾದರೆ ಕೆಲಸ ಕೆಡುತ್ತದೆ. ಮೊದಲು ಫರ್ಮ್‌ವೇರ್‌ನಲ್ಲಿ ಹಳೆಯ ಓಎಸ್‌ನ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು ಒಮ್ಮೆ ಅದರಿಂದಲೇ ಎದ್ದು ನೋಡಿ. ಆಮೇಲೆ ಬೀಟಾದ ಬೂಟ್ ನಮೂದು ತೆಗೆಯಿರಿ: ವಿಂಡೋಸ್ ಆದರೆ ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬ್‌ನಲ್ಲಿ, ಲಿನಕ್ಸ್ ಆದರೆ ಇಎಫ್‌ಐ ಪಾರ್ಟಿಷನ್‌ನಲ್ಲಿರುವ ಅದರ ಫೋಲ್ಡರ್ ಸಮೇತ. ಪಕ್ಕದಲ್ಲಿ ಉಳಿಯುವುದೂ ಉಬುಂಟುವೇ ಆಗಿದ್ದರೆ ಆ ಫೋಲ್ಡರ್ ಮುಟ್ಟಬೇಡಿ, ಉಳಿಯುವುದರಿಂದ ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಿಸಿದರೆ ಸಾಕು. ಪಾರ್ಟಿಷನ್ ಅಳಿಸುವುದು ಕೊನೆಗೆ. ಅಳಿಸಿದ ಜಾಗವನ್ನು ಸಿಗೆ ಸೇರಿಸಲು ಹೋದಾಗ ಎಕ್ಸ್‌ಟೆಂಡ್ ಮಂಕಾಗಿ ಕಂಡರೆ ಗಾಬರಿ ಬೇಡ: ಖಾಲಿ ಜಾಗ ಸಿಯ ಬಲಕ್ಕೆ ಅಂಟಿಕೊಂಡೇ ಇರಬೇಕು, ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಆಗುವುದಿಲ್ಲ. ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ಇರುವ ಲೈವ್ ಯುಎಸ್‌ಬಿಯಿಂದ ಆ ಪಾರ್ಟಿಷನ್ನನ್ನು ಬಲಕ್ಕೆ ಸರಿಸಬಹುದು, ಬ್ಯಾಕಪ್ ಇದ್ದರೆ ಮಾತ್ರ. ಕೊನೆಗೆ ಬಿಟ್‌ಲಾಕರನ್ನು ಮತ್ತೆ ಚಾಲೂ ಮಾಡಿ ಎರಡು ಸಲ ರಿಸ್ಟಾರ್ಟ್ ಮಾಡಿ. ರಿಕವರಿ ಕೀ ಕೇಳದೆ ಎರಡು ಸಲವೂ ಎದ್ದರೆ ಯುಎಸ್‌ಬಿ ಇನ್‌ಸ್ಟಾಲರನ್ನು ಬೇರೆ ಕೆಲಸಕ್ಕೆ ಫಾರ್ಮ್ಯಾಟ್ ಮಾಡಬಹುದು.